ಸೀಸದಲ್ಲಿ ಕೈತೊಳೆದ ವಿಜ್ಞಾನಿ

ಎಂಬತ್ತರ ದಶಕದಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರ ಬೋಧಿಸುತ್ತಿದ್ದೆ. ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆಂದು ಕರಿಹಲಗೆಯ ಮೇಲೆ ಸೂತ್ರ ಬರೆದು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಅದೇ ಪೆಟ್ರೋಲ್ ತುಂಬಿದ ಸ್ಕೂಟರಿನಲ್ಲಿ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಬಿಡುತ್ತಿದ್ದೆ. ಆ ಸೂತ್ರದ ಹಿಂದಿನ ಮನುಷ್ಯನ ಬದುಕನ್ನು ನಾನು ಓದಿದ್ದು ನಿವೃತ್ತನಾದ ನಂತರ.

ಥಾಮಸ್ ಮಿಡ್ಜ್ಲಿ ಹುಟ್ಟಿದ್ದು 1889ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ರಸಾಯನಶಾಸ್ತ್ರವನ್ನು ಸ್ವಪ್ರಯತ್ನದಿಂದ ಕಲಿತ. ಜನರಲ್ ಮೋಟಾರ್ಸ್‌ನ ಸಂಶೋಧನಾಲಯದಲ್ಲಿ ನೂರಾರು ಪದಾರ್ಥಗಳನ್ನು ಪರೀಕ್ಷಿಸಿ, 1921ರ ಡಿಸೆಂಬರ್‌ನಲ್ಲಿ ಸೀಸದ ಈ ಸಂಯುಕ್ತದ ಗುಣವನ್ನು ಕಂಡುಕೊಂಡ. ಮದ್ಯಸಾರ ಬೆರೆಸಿದರೂ ಬಡಿತ ನಿಲ್ಲುವುದೆಂದು ಆತನಿಗೆ ಗೊತ್ತಿತ್ತು. ಆದರೆ ಮದ್ಯಸಾರಕ್ಕೆ ಪೇಟೆಂಟ್ ಸಿಗುವಂತಿರಲಿಲ್ಲ. 1923ರಲ್ಲಿ ಹೊಸ ಇಂಧನ ಮಾರುಕಟ್ಟೆಗೆ ಬಂದಾಗ ಅದರ ಹೆಸರಿನಲ್ಲಿ ‘ಈಥೈಲ್’ ಇತ್ತು, ಸೀಸ ಇರಲಿಲ್ಲ.

ಸೀಸ ವಿಷವೆಂಬುದು ರೋಮನ್ನರ ಕಾಲದಿಂದಲೂ ತಿಳಿದ ಸಂಗತಿ. ಮಿಡ್ಜ್ಲಿಯೇ 1923ರ ಆರಂಭದಲ್ಲಿ ಸೀಸದ ನಂಜೇರಿ ಫ್ಲಾರಿಡಾದಲ್ಲಿ ವಿಶ್ರಾಂತಿ ಪಡೆಯಬೇಕಾಯಿತು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಂಡು ಸತ್ತರು. ಆಗ ಆತ ಪತ್ರಕರ್ತರ ಮುಂದೆ ಆ ದ್ರವದಲ್ಲಿ ಕೈತೊಳೆದು, ಒಂದು ನಿಮಿಷ ಅದರ ಆವಿಯನ್ನು ಮೂಸಿ, ಅಪಾಯವಿಲ್ಲವೆಂದು ಸಾರಿದ. 1925ರಲ್ಲಿ ಆಲಿಸ್ ಹ್ಯಾಮಿಲ್ಟನ್, ಯಾಂಡೆಲ್ ಹೆಂಡರ್ಸನ್ ಮೊದಲಾದ ತಜ್ಞರು ಬೀದಿಯ ಗಾಳಿಯೇ ವಿಷವಾಗುವುದೆಂದು ಎಚ್ಚರಿಸಿದರು. ಮರುವರ್ಷವೇ ಮಾರಾಟ ಮತ್ತೆ ಆರಂಭವಾಯಿತು.

ಆತನ ಇನ್ನೊಂದು ಕೊಡುಗೆ ಫ್ರಿಯಾನ್. ಅಂದಿನ ಫ್ರಿಜ್‌ಗಳಲ್ಲಿದ್ದ ವಿಷಾನಿಲಗಳು ಸೋರಿ ಮನೆಮಂದಿ ಸಾಯುತ್ತಿದ್ದರು. ಉರಿಯದ, ವಿಷವಲ್ಲದ ಅನಿಲವೊಂದನ್ನು ಆತನ ತಂಡ ಸಿದ್ಧಪಡಿಸಿತು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಅದನ್ನು ಎದೆ ತುಂಬ ಸೇದಿ, ಉಸಿರಿನಿಂದ ಮೇಣದಬತ್ತಿ ಆರಿಸಿ ತೋರಿಸಿದ. ಈ ಸಲ ಆತ ಪ್ರಾಮಾಣಿಕನಾಗಿದ್ದ. ಅದು ವಾಯುಮಂಡಲದ ಮೇಲ್ಪದರಕ್ಕೇರಿ ಓಝೋನನ್ನು ನಾಶಮಾಡಬಲ್ಲದೆಂಬ ಕಲ್ಪನೆ ಆಗ ಯಾರಿಗೂ ಇರಲಿಲ್ಲ.

1940ರಲ್ಲಿ ಪೋಲಿಯೊ ತಗುಲಿ ಮಿಡ್ಜ್ಲಿ ಹಾಸಿಗೆ ಹಿಡಿದ. ಮೇಲೇಳಲೆಂದು ಹಗ್ಗ, ರಾಟೆಗಳ ಸಾಧನವೊಂದನ್ನು ತಾನೇ ರೂಪಿಸಿಕೊಂಡಿದ್ದ. 1944ರ ನವೆಂಬರ್ 2ರಂದು ಅದರಲ್ಲೇ ಉಸಿರುಗಟ್ಟಿ ತೀರಿಕೊಂಡ. ಆಗ ಆತನಿಗೆ 55 ವರ್ಷ. ಅಮೆರಿಕನ್ ಕೆಮಿಕಲ್ ಸೊಸೈಟಿಯ ಅಧ್ಯಕ್ಷನಾಗಿದ್ದ. ಇದನ್ನು ಕರ್ಮಫಲವೆನ್ನುವವರಿದ್ದಾರೆ. ರೋಗಿಯೊಬ್ಬನ ಸಾವಿನಲ್ಲಿ ನ್ಯಾಯ ಹುಡುಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ನನ್ನನ್ನು ಕಾಡುವುದು ಬೇರೆ ಲೆಕ್ಕ. ಫ್ರಿಯಾನ್‌ನಂಥ ಅನಿಲಗಳ ಅಪಾಯವನ್ನು ಮೊಲಿನಾ ಮತ್ತು ರೋಲಂಡ್ 1974ರಲ್ಲಿ ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ನಡುವೆ 13 ವರ್ಷ. ಸೀಸದ ಬಗ್ಗೆ 1925ರಲ್ಲೇ ಎಚ್ಚರಿಕೆ ಬಂದಿತ್ತು. ಭಾರತದ ಬಂಕುಗಳಿಂದ ಅದು ತೊಲಗಿದ್ದು 2000ದಲ್ಲಿ, ಕೊನೆಯ ದೇಶವಾದ ಅಲ್ಜೀರಿಯಾದಿಂದ 2021ರಲ್ಲಿ. ನಡುವೆ 96 ವರ್ಷ, ಮೂರು ನಾಲ್ಕು ತಲೆಮಾರಿನ ಮಕ್ಕಳ ಮಿದುಳು. ತಿಳಿಯದೆ ಆದ ತಪ್ಪನ್ನು ವಿಜ್ಞಾನ ಬೇಗ ತಿದ್ದಿಕೊಂಡಿತು. ತಿಳಿದೂ ಮುಚ್ಚಿಟ್ಟದ್ದು ಶತಮಾನವನ್ನೇ ತಿಂದಿತು.

ಮಿಡ್ಜ್ಲಿಯನ್ನು ದೂರುವುದು ಸುಲಭ. ಆದರೆ ಆ ಸೂತ್ರವನ್ನು ವರ್ಷವರ್ಷವೂ ಬರೆದು ಒರೆಸಿದ ನಾನು, ಉರಿದ ಮೇಲೆ ಆ ಸೀಸ ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ಕೇಳಲಿಲ್ಲ. ಆ ಪ್ರಶ್ನೆ ಪಠ್ಯಪುಸ್ತಕದಲ್ಲಿರಲಿಲ್ಲ, ನಿಜ. ನನ್ನ ತರಗತಿಯಲ್ಲಾದರೂ ಇರಬಹುದಿತ್ತು.