ಲಾರಿ ಕಾರ್ಖಾನೆ ಕಟ್ಟಹೊರಟ ವಾಲ್‌ಚಂದ್ ಹೀರಾಚಂದ್

ನಿಮ್ಮಲ್ಲಿ ವಯಸ್ಸಾದವರಿಗೆ ಫಾರ್ಗೋ ಮತ್ತು ಡಾಡ್ಜ್ ಲಾರಿಗಳ ನೆನಪು ಇರಲೇಬೇಕು. ಹೊಸಕೋಟೆಯ ತರಕಾರಿ, ದೇವನಹಳ್ಳಿಯ ಚಕ್ಕೋತ, ದೊಡ್ಡಬಳ್ಳಾಪುರ ಮತ್ತು ನೆಲಮಂಗಲದ ಕಡೆಯ ರಾಗಿ, ಹುರುಳಿ ಎತ್ತಿನ ಗಾಡಿಯಿಂದ ಇಳಿದು ಲಾರಿ ಏರಿದ ಕಾಲದ ಗಾಡಿಗಳು ಅವು. ಈಗ ನಿಮ್ಮ ಮಾಲು ಬೆಳಗಿನ ಜಾವ ಪಿಕಪ್ ವಾಹನದಲ್ಲಿ ಮಾರುಕಟ್ಟೆ ಸೇರುತ್ತದೆ. ಆದರೆ ಆ ಹಳೆಯ ಲಾರಿಗಳ ಕಥೆ ನಮ್ಮ ನಾಡಿಗೂ ಸಂಬಂಧಪಟ್ಟದ್ದು.

ಡಾಡ್ಜ್ ಎಂಬುದು ಅಮೆರಿಕದ ಹೆಸರು. ಡಾಡ್ಜ್ ಸಹೋದರರು ಸ್ಥಾಪಿಸಿದ ಆ ಕಂಪನಿಯನ್ನು 1928ರಲ್ಲಿ ಕ್ರೈಸ್ಲರ್ ಕಂಪನಿಯವರು ಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆಂದು ಮಾಡಿದ ಗಾಡಿಯನ್ನೇ ತಿದ್ದಿ, ಯುದ್ಧ ಮುಗಿದ ಮೇಲೆ ಪವರ್ ವ್ಯಾಗನ್ ಎಂಬ ಭಾರಿ ಪಿಕಪ್ಪನ್ನು ಅಲ್ಲಿನ ರೈತರಿಗೆ ಮಾರಿದರು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಎಳೆತವಿದ್ದ ಆ ಗಾಡಿ ಉಳುಮೆಯ ಕೆಸರಿಗೆ ಹೆದರುತ್ತಿರಲಿಲ್ಲ. ಟ್ರಾಕ್ಟರಿನಂತೆ ಅದರ ಎಂಜಿನ್ನಿನಿಂದ ಬೇರೆ ಯಂತ್ರಗಳನ್ನೂ ನಡೆಸಬಹುದಾಗಿತ್ತು. ಅದೇ ಮನೆತನದ ಲಾರಿಯನ್ನು ಭಾರತದಲ್ಲಿ ತಯಾರಿಸಲು ಹೊರಟವರು ವಾಲ್‌ಚಂದ್ ಹೀರಾಚಂದ್. ಅವರ ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ನೆಲೆಯೂರಬೇಕಾಗಿತ್ತು. ಅದು ತಪ್ಪಿಹೋದುದು ಹೇಗೆಂದು ತಿಳಿಯಲು ಅವರ ಜೀವನವನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ವಾಲ್‌ಚಂದರು ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಗುಜರಾತಿನ ಮೂಲದ ಜೈನ ಮನೆತನ. ಲೇವಾದೇವಿ ಮತ್ತು ಹತ್ತಿಯ ವ್ಯಾಪಾರ ಮನೆಯ ಕಸುಬು. ತಕ್ಕಡಿಯ ಮುಂದೆ ಕುಳಿತು ಬಡ್ಡಿ ಎಣಿಸುವುದು ಅವರಿಗೆ ಒಗ್ಗಲಿಲ್ಲ. ಫಾಟಕ್ ಎಂಬ ಮಾಜಿ ರೈಲ್ವೆ ಗುಮಾಸ್ತರೊಡನೆ ಪಾಲುಗಾರಿಕೆ ಮಾಡಿಕೊಂಡು ರೈಲು ಹಾದಿಯ ಗುತ್ತಿಗೆಗೆ ಇಳಿದರು. ಮುಂದೆ ಬೋರ್ ಘಾಟಿಯ ಸುರಂಗಗಳನ್ನು ಕೊರೆಯುವ ಕೆಲಸವನ್ನೂ ಅವರ ಕಂಪನಿ ಮಾಡಿತು.

1919ರಲ್ಲಿ ಅವರು ಗೆಳೆಯರೊಡನೆ ಸೇರಿ ಗ್ವಾಲಿಯರಿನ ಮಹಾರಾಜರಿಂದ ಲಾಯಲ್ಟಿ ಎಂಬ ಹಡಗನ್ನು ಕೊಂಡು ಸಿಂಧಿಯಾ ಹಡಗು ಕಂಪನಿಯನ್ನು ಆರಂಭಿಸಿದರು. ಆ ಹಡಗು ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಅದರ ನೆನಪಿಗಾಗಿಯೇ ಇಂದಿಗೂ ಆ ದಿನವನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ಬ್ರಿಟಿಷ್ ಹಡಗು ಕಂಪನಿಗಳು ಬಾಡಿಗೆಯನ್ನು ಇಳಿಸಿ ಇಳಿಸಿ ಈ ಹೊಸಬರನ್ನು ಮುಳುಗಿಸಲು ನೋಡಿದವು. ಸಂತೆಗೆ ಹೊಸ ವ್ಯಾಪಾರಿ ಬಂದಾಗ ಹಳಬರು ನಾಲ್ಕು ವಾರ ನಷ್ಟದಲ್ಲೇ ಮಾರಿ ಅವನನ್ನು ಓಡಿಸುವುದನ್ನು ನೀವೂ ಕಂಡಿದ್ದೀರಿ. ವಾಲ್‌ಚಂದರು ಓಡಲಿಲ್ಲ.

ಬೇಸಾಯಗಾರರಾದ ನಿಮಗೆ ಅವರ ಇನ್ನೊಂದು ಕೆಲಸ ಹೆಚ್ಚು ಕುತೂಹಲದ್ದಾಗಿರಬಹುದು. ನಾಸಿಕ್ ಜಿಲ್ಲೆಯ ರಾವಳಗಾಂವಿನಲ್ಲಿ ಕಲ್ಲು ತುಂಬಿದ ಬರಡು ಭೂಮಿಯನ್ನು ಹದ ಮಾಡಿಸಿ ಕಬ್ಬು ಬೆಳೆಸಿದರು. ಅಲ್ಲೇ ಸಕ್ಕರೆ ಕಾರ್ಖಾನೆ ಕಟ್ಟಿದರು. ನೀವು ಮಕ್ಕಳಾಗಿದ್ದಾಗ ತಿಂದ ರಾವಳಗಾಂವ್ ಮಿಠಾಯಿ ಆ ಊರಿನದೇ. ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿಯೂ ಹೀಗೆಯೇ ಕಬ್ಬಿನ ತೋಟಗಳು ಎದ್ದು, ವಾಲ್‌ಚಂದ್‌ನಗರ ಎಂಬ ಊರೇ ಬೆಳೆಯಿತು. ಸಕ್ಕರೆ ಕಾರ್ಖಾನೆಯ ಯಂತ್ರಗಳನ್ನು ಕೂಡ ಅಲ್ಲಿ ತಯಾರಿಸತೊಡಗಿದರು. ಇದರಲ್ಲಿ ಎಲ್ಲವೂ ಮೆಚ್ಚತಕ್ಕದ್ದೆಂದು ಹೇಳಲಾಗದು. ಆ ಕಾಲದ ಸಕ್ಕರೆ ಕಂಪನಿಗಳು ಸಣ್ಣ ರೈತರ ಜಮೀನನ್ನು ದೀರ್ಘಕಾಲದ ಗೇಣಿಗೆ ಹಿಡಿದು ಸಾವಿರಾರು ಎಕರೆಗಳ ತೋಟ ಮಾಡುತ್ತಿದ್ದವು. 1961ರಲ್ಲಿ ಮಹಾರಾಷ್ಟ್ರದಲ್ಲಿ ಭೂಮಿತಿ ಕಾನೂನು ಬಂದಾಗ ಇಂಥ ತೋಟಗಳು ಸರ್ಕಾರದ ವಶಕ್ಕೆ ಹೋದವು.

ಇನ್ನು ಲಾರಿಯ ವಿಷಯ. ಭಾರತದಲ್ಲಿ ಮೋಟಾರು ವಾಹನಗಳನ್ನು ತಯಾರಿಸಬೇಕೆಂದು ಮೊದಲಿನಿಂದ ಹಟ ಹಿಡಿದಿದ್ದವರು ನಂದಿ ಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು. ಈ ಸಲುವಾಗಿಯೇ 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪ್ ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿಬಂದರು. ಅವರ ಯೋಜನೆಗೆ ಬೆನ್ನಾಗಿ ನಿಂತವರು ವಾಲ್‌ಚಂದರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ನೆರವು ಕೊಡಲು ಮುಂದಾಯಿತು. ಆದರೆ 1939ರಲ್ಲಿ ಯುದ್ಧ ಆರಂಭವಾಗಿ ಆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಅದೇ ವರ್ಷ ವಾಲ್‌ಚಂದರು ಅಮೆರಿಕಕ್ಕೆ ಹೋದರು. ಫೋರ್ಡ್ ಕಂಪನಿಯೊಡನೆ ಮಾತುಕತೆ ಫಲಿಸಲಿಲ್ಲ. ಕ್ರೈಸ್ಲರ್ ಕಂಪನಿ ಒಪ್ಪಿತು.

ಮುಂಬಯಿ ಕೈಬಿಟ್ಟ ಮೇಲೆ ಮೈಸೂರು ಕೈಹಿಡಿಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಸಂಸ್ಥಾನದ ಹಣವನ್ನು ಈ ಉದ್ಯಮದಲ್ಲಿ ತೊಡಗಿಸಲು ಒಪ್ಪಿದರು. ಭದ್ರಾವತಿಯಲ್ಲಿ ಕಬ್ಬಿಣವಿತ್ತು, ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬರುತ್ತಿತ್ತು, ಕೆಲಸ ಬಲ್ಲ ಜನರಿದ್ದರು. ಆಗ ಅಡ್ಡ ಬಂದುದು ದೆಹಲಿ. ಯುದ್ಧದ ಕಾಲದಲ್ಲಿ ಇಂಥ ಕಾರ್ಖಾನೆ ಬೇಡವೆಂಬ ನೆಪ ಹೇಳಿ, ಮೈಸೂರು ಸರ್ಕಾರ ಇದರಲ್ಲಿ ಪಾಲುಗೊಳ್ಳದಂತೆ ಬ್ರಿಟಿಷ್ ಅಧಿಕಾರಿಗಳು ತಡೆದರು. ಸಂಸ್ಥಾನದ ಹಣ ಸಂಸ್ಥಾನದ್ದು, ನೆಲ ಸಂಸ್ಥಾನದ್ದು. ಆದರೂ ಅಪ್ಪಣೆ ಮಾತ್ರ ಬೇರೆಯವರದು. ಸೈನ್ಯಕ್ಕೆ ಬೇಕಾದ ಲಾರಿಗಳನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದ ದಿನಗಳಲ್ಲೇ ಹೀಗಾಯಿತೆಂಬುದನ್ನು ಗಮನಿಸಿ. ನೆಪ ನೆಪವೇ ಎಂದು ನಮ್ಮ ಅಭಿಪ್ರಾಯ.

ಇತ್ತ ಇನ್ನೊಂದು ಬಾಗಿಲು ತೆರೆದಿತ್ತು. ಅಮೆರಿಕದಿಂದ ಮರಳುವ ವಿಮಾನದಲ್ಲಿ ವಾಲ್‌ಚಂದರಿಗೆ ವಿಲಿಯಂ ಪಾಲಿ ಎಂಬ ವಿಮಾನ ತಯಾರಕರ ಪರಿಚಯವಾಗಿತ್ತು. ಲಾರಿ ಬೇಡವೆಂದ ಸರ್ಕಾರ ಯುದ್ಧ ವಿಮಾನ ಬೇಕೆಂದಿತು. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಜಮೀನನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಟ್ಟಿತು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಮರುವರ್ಷವೇ ಅಲ್ಲಿ ಜೋಡಿಸಿದ ಮೊದಲ ವಿಮಾನ ಹಾರಿತು. ಆದರೆ ಜಪಾನಿನ ಸೈನ್ಯ ಬರ್ಮಾ ಹೊಕ್ಕಾಗ, 1942ರ ಏಪ್ರಿಲ್‌ನಲ್ಲಿ, ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡು ಕಾರ್ಖಾನೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಅದೇ ಇಂದಿನ ಎಚ್.ಎ.ಎಲ್. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾಗುವವರೆಗೂ ಬೆಂಗಳೂರಿಗೆ ಬರುವವರು ಇಳಿಯುತ್ತಿದ್ದುದು ಆ ಕಾರ್ಖಾನೆಯ ಮಗ್ಗುಲಲ್ಲೇ.

ವಾಲ್‌ಚಂದರು ಲಾರಿಯ ಆಸೆಯನ್ನು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿ ಮುಂಬಯಿಯ ಕುರ್ಲಾದಲ್ಲಿ ಕಾರ್ಖಾನೆ ಹಾಕಿದರು. 1947ರಲ್ಲಿ ಅಲ್ಲಿಂದ ವಾಹನಗಳು ಹೊರಬಂದವು. ಅಷ್ಟರಲ್ಲಿ ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ ಕೂಡ ಹುಟ್ಟಿಕೊಂಡಿತ್ತು. ಕುರ್ಲಾದ ಲಾರಿಗಳೇ ಡಾಡ್ಜ್ ಮತ್ತು ಫಾರ್ಗೋ. ಗಾಡಿ ಹೆಚ್ಚು ಕಡಿಮೆ ಒಂದೇ, ಮುಂದಿನ ಹೆಸರು ಮಾತ್ರ ಬೇರೆ. ಮೊದಲು ಪೆಟ್ರೋಲಿನಲ್ಲಿ ಓಡುತ್ತಿದ್ದ ಇವುಗಳಿಗೆ ಮುಂದೆ ಪರ್ಕಿನ್ಸ್ ಡೀಸೆಲ್ ಎಂಜಿನ್ ಬಂತು. ಮದರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಆ ಎಂಜಿನ್ನಿನ ಬಳಗದವೇ ಮ್ಯಾಸಿ ಫರ್ಗುಸನ್ ಟ್ರಾಕ್ಟರುಗಳಲ್ಲಿಯೂ ಇದ್ದುದರಿಂದ ಹಳ್ಳಿಯ ಮೆಕ್ಯಾನಿಕ್ಕುಗಳಿಗೆ ಅದರ ರಿಪೇರಿ ಹೊಸದೆನಿಸಲಿಲ್ಲ.

ವಿಶಾಖಪಟ್ಟಣದಲ್ಲಿ ಅವರ ಸಿಂಧಿಯಾ ಕಂಪನಿ ಕಟ್ಟಿದ ಜಲಉಷಾ ಹಡಗು 1948ರಲ್ಲಿ ನೀರಿಗಿಳಿಯಿತು. ಹಡಗು, ವಿಮಾನ, ಮೋಟಾರು ಮೂರಕ್ಕೂ ಬುನಾದಿ ಹಾಕಿದ ಈ ಮನುಷ್ಯನಿಗೆ ಮರುವರ್ಷವೇ ಪಾರ್ಶ್ವವಾಯು ಬಡಿಯಿತು. 1950ರಲ್ಲಿ ವ್ಯವಹಾರಗಳಿಂದ ನಿವೃತ್ತರಾದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು.

ಅವರ ಕಂಪನಿ ಮುಂದೆ ಇಟಲಿಯ ಫಿಯೆಟ್ ಕಾರುಗಳನ್ನು ಮಾಡಿ, ಪದ್ಮಿನಿ ಕಾರಿನಿಂದ ಮನೆಮಾತಾಯಿತು. ಲಾರಿಯ ಪೇಟೆಯನ್ನು ಟಾಟಾ, ಲೇಲ್ಯಾಂಡ್ ಕಂಪನಿಗಳು ಹಿಡಿದವು. ಫಾರ್ಗೋ, ಡಾಡ್ಜ್‌ಗಳು ಒಂದೊಂದಾಗಿ ಗುಜರಿ ಸೇರಿದವು. ನಮ್ಮ ಹೊಸಕೋಟೆಯಲ್ಲಿ ಲಾರಿ ತಯಾರಾಗತೊಡಗಿದ್ದು 1998ರಲ್ಲಿ, ಸ್ವೀಡನ್ ದೇಶದ ವೋಲ್ವೋ ಕಂಪನಿ ಅಲ್ಲಿ ಕಾರ್ಖಾನೆ ತೆರೆದಾಗ.