ಸಾಲ ಕೊಟ್ಟ ಮೇಯರ್: ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್

ಎಂಟನೇ ತರಗತಿಯಲ್ಲಿ ಬಡ್ಡಿಯ ಲೆಕ್ಕ ಕಲಿಸುವಾಗ ನಾವು ಅಸಲು, ದರ, ಅವಧಿ ಎಂಬ ಮೂರು ಸಂಗತಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಸಾಲ ಕೊಟ್ಟವರು ಯಾರು, ತೆಗೆದುಕೊಂಡವರು ಯಾಕೆ ತೆಗೆದುಕೊಂಡರು, ದರವನ್ನು ತೀರ್ಮಾನಿಸಿದವರು ಯಾರು ಎಂಬ ಪ್ರಶ್ನೆಗಳು ಸೂತ್ರದಲ್ಲಿ ಬರುವುದಿಲ್ಲ. ಈ ಪ್ರಶ್ನೆಗಳನ್ನೇ ಜೀವನದ ಕೆಲಸವನ್ನಾಗಿ ಮಾಡಿಕೊಂಡವರು ಜರ್ಮನಿಯ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್. ನಮ್ಮ ಹಳ್ಳಿಗಳ ಸಹಕಾರ ಸಂಘಗಳ ಬೇರು ಅವರ ಕೆಲಸದಲ್ಲಿದೆ.

ರೈಫೈಸನ್ 1818ರ ಮಾರ್ಚ್ 30ರಂದು ಸೀಗ್ ನದಿಯ ದಂಡೆಯ ಹಾಮ್ ಎಂಬ ಊರಿನಲ್ಲಿ ಹುಟ್ಟಿದರು. ಅದು ಆಗ ಪ್ರಷ್ಯಾ ರಾಜ್ಯಕ್ಕೆ ಸೇರಿತ್ತು. ತಂದೆ ಕಾಯಿಲೆಯಿಂದಾಗಿ ಸಂಸಾರದ ಭಾರ ಹೊರಲಾರದೆ ಹೋದಾಗ, ಅನೇಕ ಮಕ್ಕಳಿದ್ದ ಮನೆಯನ್ನು ತಾಯಿಯೇ ನಡೆಸಿದರು. ಹೆಚ್ಚಿನ ಓದಿಗೆ ಹಣವಿರಲಿಲ್ಲ. ಊರಿನ ಪಾದ್ರಿಯೊಬ್ಬರು ಬಾಲಕನಿಗೆ ಪಾಠ ಹೇಳಿಕೊಟ್ಟರು. ಹದಿನೇಳನೇ ವಯಸ್ಸಿನಲ್ಲಿ ಸೈನ್ಯ ಸೇರಿದ ಅವರು ಕಣ್ಣಿನ ಕಾಯಿಲೆಯಿಂದ 1843ರಲ್ಲಿ ಅಲ್ಲಿಂದ ಹೊರಬಂದು ಸರ್ಕಾರಿ ಆಡಳಿತ ಸೇವೆಗೆ ಸೇರಿದರು.

1845ರಲ್ಲಿ ವೇಯರ್‌ಬುಶ್ ಎಂಬಲ್ಲಿಗೆ ಮೇಯರ್ ಆಗಿ ಅವರನ್ನು ನೇಮಿಸಲಾಯಿತು. ನಗರದ ಮೇಯರ್ ಎಂದು ನಾವು ಕಲ್ಪಿಸಿಕೊಳ್ಳುವ ಹುದ್ದೆಯಲ್ಲ ಅದು. ಇಪ್ಪತ್ತಕ್ಕೂ ಹೆಚ್ಚು ಬಡ ಹಳ್ಳಿಗಳ ಆಡಳಿತಾಧಿಕಾರಿಯ ಕೆಲಸ. ಅಲ್ಲಿ ಅವರು ಶಾಲೆಗೆ ಕಟ್ಟಡ ಕಟ್ಟಿಸಿದರು, ಹಳ್ಳಿಯ ಬೆಳೆ ಪೇಟೆ ತಲುಪಲೆಂದು ರಸ್ತೆ ಮಾಡಿಸಲು ಹೊರಟರು.

1846ರಲ್ಲಿ ಬೆಳೆ ಕೈಕೊಟ್ಟಿತು. ಆ ಚಳಿಗಾಲ ಹಳ್ಳಿಗಳಲ್ಲಿ ಹಸಿವು ಹಬ್ಬಿತು. ಸರ್ಕಾರ ಧಾನ್ಯ ಕಳುಹಿಸಿತು, ಆದರೆ ನಗದು ಕೊಟ್ಟವರಿಗೆ ಮಾತ್ರ ಮಾರಬೇಕೆಂಬ ಆದೇಶದೊಂದಿಗೆ. ಹಸಿದವರ ಕೈಯಲ್ಲಿ ನಗದು ಇರಲಿಲ್ಲ. ನಗದು ಇದ್ದವರಿಗೆ ಆ ಧಾನ್ಯದ ತುರ್ತು ಅಷ್ಟಾಗಿ ಇರಲಿಲ್ಲ. ಇಪ್ಪತ್ತೆಂಟು ವರ್ಷದ ಅಧಿಕಾರಿಯ ಮುಂದೆ ಎರಡು ದಾರಿಗಳಿದ್ದವು: ಆದೇಶವನ್ನು ಅಕ್ಷರಶಃ ಪಾಲಿಸಿ ಕಡತವನ್ನು ಸರಿಯಾಗಿಟ್ಟುಕೊಳ್ಳುವುದು, ಇಲ್ಲವೇ ಆದೇಶದ ಉದ್ದೇಶವನ್ನು ಉಳಿಸಿ ತಾನು ಹೊಣೆ ಹೊರುವುದು. ರೈಫೈಸನ್ ಎರಡನೆಯದನ್ನು ಆರಿಸಿಕೊಂಡರು. ಧಾನ್ಯವನ್ನು ಬಡವರಿಗೆ ಸಾಲವಾಗಿ ಕೊಡಿಸಿದರು. ಊರಿನ ಅನುಕೂಲಸ್ಥರನ್ನು ಸೇರಿಸಿ ನಿಧಿ ಕೂಡಿಸಿದರು, ಬ್ರೆಡ್ ಸಂಘ ಕಟ್ಟಿದರು, ಸಾರ್ವಜನಿಕ ಒಲೆಮನೆ ಕಟ್ಟಿಸಿದರು. ಪೇಟೆಗಿಂತ ಬಹಳ ಕಡಿಮೆ ಬೆಲೆಗೆ ಬ್ರೆಡ್ ಸಿಗತೊಡಗಿತು.

ಅವರು ಧಾನ್ಯವನ್ನು ಪುಕ್ಕಟೆಯಾಗಿ ಹಂಚಲಿಲ್ಲ, ಸಾಲವಾಗಿ ಕೊಟ್ಟರು ಎಂಬುದನ್ನು ಗಮನಿಸಬೇಕು. ತೆಗೆದುಕೊಂಡವನು ಮುಂದೆ ತೀರಿಸಬಲ್ಲ ಎಂಬ ನಂಬಿಕೆ ಅದರಲ್ಲಿತ್ತು. ಅವನ ಮರ್ಯಾದೆಯೂ ಉಳಿಯಿತು.

1848ರಲ್ಲಿ ಅವರಿಗೆ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗವಾಯಿತು. ಅಲ್ಲಿನ ರೈತರನ್ನು ದನದ ಸಾಲ ಹಿಂಡುತ್ತಿತ್ತು. ಹಸು ಕೊಳ್ಳಲು ಹಣವಿಲ್ಲದ ರೈತ ವ್ಯಾಪಾರಿಯಿಂದ ಹಸು ತರುತ್ತಿದ್ದ. ಹಸುವಿನ ಒಡೆತನ ವ್ಯಾಪಾರಿಯದು, ಸಾಕುವ ದುಡಿಮೆ ರೈತನದು. 1849ರಲ್ಲಿ ರೈಫೈಸನ್ ಸುಮಾರು ಅರವತ್ತು ಅನುಕೂಲಸ್ಥರ ಸಹಾಯ ಸಂಘ ಕಟ್ಟಿದರು. ಸದಸ್ಯರೆಲ್ಲರೂ ಒಟ್ಟಾಗಿ ಹೊಣೆ ಹೊತ್ತು ಹಣ ತಂದರು. ಬಡ ರೈತರಿಗೆ ದನ ಕೊಡಿಸಿ, ಐದು ವರ್ಷಗಳ ಕಂತುಗಳಲ್ಲಿ ತೀರಿಸಲು ಅವಕಾಶ ಕೊಟ್ಟರು.

1852ರಲ್ಲಿ ಹೆಡೆಸ್‌ಡಾರ್ಫ್‌ಗೆ ಹೋದ ಮೇಲೆ 1854ರಲ್ಲಿ ಇನ್ನೂ ದೊಡ್ಡ ಆಸೆಯ ಸಂಘವೊಂದು ಹುಟ್ಟಿತು. ಆಸರೆಯಿಲ್ಲದ ಮಕ್ಕಳ ಪಾಲನೆ, ಜೈಲಿನಿಂದ ಬಿಡುಗಡೆಯಾದವರಿಗೆ ಉದ್ಯೋಗ, ಗ್ರಂಥಾಲಯ, ಸಾಲ, ಎಲ್ಲವೂ ಅದರ ಪಟ್ಟಿಯಲ್ಲಿದ್ದವು. ಆದರೆ ದಾನಿಗಳ ಉತ್ಸಾಹ ಬಹುಕಾಲ ನಿಲ್ಲಲಿಲ್ಲ. ಸಾಲ ಪಡೆಯುವವರು ಸಂಘದ ಹೊರಗಿದ್ದರು, ಹೊಣೆ ಹೊತ್ತವರಿಗೆ ಅದರಿಂದ ಏನೂ ಬೇಕಿರಲಿಲ್ಲ. ಒಂದೊಂದೇ ಕೆಲಸ ನಿಂತು ಕೊನೆಗೆ ಸಾಲದ ಕೆಲಸ ಮಾತ್ರ ಉಳಿಯಿತು.

ತಮ್ಮ ಮೊದಲ ಯೋಜನೆಯನ್ನು ರೈಫೈಸನ್ ಬಿಟ್ಟುಕೊಟ್ಟದ್ದು ಇಲ್ಲಿ. ಶ್ರೀಮಂತರ ದಯೆಯ ಮೇಲೆ ನಿಂತ ಸಂಸ್ಥೆ ಬಾಳುವುದಿಲ್ಲ ಎಂಬುದನ್ನು ಅವರು ಮನಸ್ಸಿಲ್ಲದ ಮನಸ್ಸಿನಿಂದಲೇ ಒಪ್ಪಿಕೊಂಡರು. 1864ರಲ್ಲಿ ಹೆಡೆಸ್‌ಡಾರ್ಫ್‌ನ ಸಂಘವನ್ನು ಸಾಲ ಪಡೆಯುವವರೇ ಸದಸ್ಯರಾಗಿರುವ ಸಂಘವಾಗಿ ಬದಲಾಯಿಸಲಾಯಿತು.

ಅದರ ನಿಯಮಗಳು ಸರಳ. ಸಂಘದ ವ್ಯಾಪ್ತಿ ಚಿಕ್ಕದಿರಬೇಕು, ಎಲ್ಲರೂ ಎಲ್ಲರನ್ನೂ ಬಲ್ಲವರಾಗಿರಬೇಕು. ಸಾಲ ಸದಸ್ಯರಿಗೆ ಮಾತ್ರ. ಒಬ್ಬ ತೀರಿಸದಿದ್ದರೆ ಉಳಿದವರೆಲ್ಲರ ಆಸ್ತಿಯೂ ಹೊಣೆ. ಲೆಕ್ಕ ಬರೆಯುವವನಿಗೆ ಮಾತ್ರ ಸಂಬಳ, ಆಡಳಿತ ನಡೆಸುವವರದು ಗೌರವ ಸೇವೆ. ಉಳಿದ ಲಾಭ ಯಾರೂ ಹಂಚಿಕೊಳ್ಳಲಾಗದ ಮೀಸಲು ನಿಧಿಗೆ. ಮೇಲ್ನೋಟಕ್ಕೆ ಅಪರಿಮಿತ ಹೊಣೆ ಎಂಬುದು ಬಡವನಿಗೆ ಭಯ ಹುಟ್ಟಿಸುವ ನಿಯಮ. ಆದರೆ ಅಡವಿಡಲು ಏನೂ ಇಲ್ಲದವನಿಗೆ ನೆರೆಯವರ ಪರಿಚಯವೇ ಅಡಮಾನವಾಯಿತು. ತನ್ನ ಹೊಲವೂ ಹೊಣೆಯಾಗಿದ್ದರಿಂದ ಪ್ರತಿ ಸದಸ್ಯನೂ ಸಾಲ ಯಾವ ಕೆಲಸಕ್ಕೆ ಹೋಗುತ್ತಿದೆ ಎಂದು ಕೇಳುತ್ತಿದ್ದ.

ಇದನ್ನು ಎಲ್ಲರೂ ಒಪ್ಪಲಿಲ್ಲ. ಪಟ್ಟಣದ ಕುಶಲಕರ್ಮಿಗಳಿಗಾಗಿ ಸಹಕಾರ ಬ್ಯಾಂಕುಗಳನ್ನು ಕಟ್ಟಿದ್ದ ಹರ್ಮನ್ ಷುಲ್ಜೆ-ಡೆಲಿಚ್, ಅಲ್ಪಾವಧಿ ಠೇವಣಿಯ ಹಣದಿಂದ ದೀರ್ಘಾವಧಿ ಸಾಲ ಕೊಡುವುದು ಅಪಾಯ, ಸದಸ್ಯರು ಷೇರು ಬಂಡವಾಳ ಹಾಕಲೇಬೇಕು ಎಂದು ವಾದಿಸಿದರು. ಅವರ ಆಕ್ಷೇಪ ಸುಳ್ಳಲ್ಲ. ಇಂದಿಗೂ ಬ್ಯಾಂಕುಗಳಿಗೆ ಅದೇ ಅಪಾಯವಿದೆ. ರೈತನ ಬೆಳೆ ಮೂರು ತಿಂಗಳಲ್ಲಿ ಬರುವುದಿಲ್ಲ, ಸಾಲದ ಅವಧಿ ಹೊಲದ ಅವಧಿಗೆ ಹೊಂದಬೇಕು ಎಂಬುದು ರೈಫೈಸನ್ ನಿಲುವು.

ಅನಾರೋಗ್ಯದಿಂದ 1865ರಲ್ಲಿ ಅವರು ನಿವೃತ್ತರಾದರು. ಅದಕ್ಕೆ ಎರಡು ವರ್ಷ ಮೊದಲೇ ಪತ್ನಿ ಎಮಿಲಿ ತೀರಿಕೊಂಡಿದ್ದರು. ಪಿಂಚಣಿ ಸಾಲದೆ ದ್ರಾಕ್ಷಾರಸದ ವ್ಯಾಪಾರ ಮಾಡಿ ಸಂಸಾರ ನಡೆಸಿದರು. ತಾವೇ ಕಟ್ಟಿದ ಸಾಲ ಸಂಘಗಳನ್ನು ಜೀವನೋಪಾಯ ಮಾಡಿಕೊಳ್ಳಲಿಲ್ಲ. 1866ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು, ಅದರಿಂದ ಸಂಘಗಳು ಹಳ್ಳಿಯಿಂದ ಹಳ್ಳಿಗೆ ಹಬ್ಬಿದವು. ಆ ಹೊತ್ತಿಗೆ ಕಣ್ಣು ಬಹುಮಟ್ಟಿಗೆ ಮಂದವಾಗಿತ್ತು. ಮಗಳು ಅಮಾಲಿ ಅವರಿಗೆ ಓದಿ ಹೇಳಿದಳು, ಅವರು ಹೇಳಿದ್ದನ್ನು ಬರೆದಳು. ಅವಳು ಮದುವೆಯಾಗದೆ ತಂದೆಯ ಕೆಲಸದಲ್ಲೇ ಉಳಿದಳು. ರೈಫೈಸನ್ ಹೆಸರಿನಲ್ಲಿ ನಾವು ಹೇಳುವ ಸಾಧನೆಯಲ್ಲಿ ಅವಳ ದುಡಿಮೆಯ ಪಾಲೂ ಇದೆ. 1888ರ ಮಾರ್ಚ್ 11ರಂದು ಅವರು ನಿಧನರಾದರು.

ಅವರ ಮಿತಿಯನ್ನೂ ಹೇಳಬೇಕು. ಬಡ್ಡಿ ವ್ಯಾಪಾರದ ವಿರುದ್ಧ ಬರೆಯುವಾಗ ಯಹೂದಿಗಳ ಬಗ್ಗೆ ಆ ಕಾಲದ ಪೂರ್ವಗ್ರಹ ಅವರ ಬರಹದಲ್ಲೂ ನುಸುಳಿತು. ಒಂದು ವ್ಯವಸ್ಥೆಯ ಅನ್ಯಾಯವನ್ನು ಒಂದು ಸಮುದಾಯದ ಮೇಲೆ ಹೊರಿಸುವುದು ತಪ್ಪು. ಮಹನೀಯರ ಜೀವನವನ್ನು ಪಾಠ ಮಾಡುವಾಗ ಈ ಭಾಗವನ್ನು ಮುಚ್ಚಿಡಬಾರದು.

ಅವರ ವಿಚಾರ ನಮ್ಮ ದೇಶಕ್ಕೆ ಬಂದದ್ದು ಅಧಿಕಾರಿಯೊಬ್ಬರ ಮೂಲಕ. ಮದ್ರಾಸ್ ಸರ್ಕಾರದ ಫ್ರೆಡ್ರಿಕ್ ನಿಕೋಲ್ಸನ್ ಯುರೋಪಿನ ಗ್ರಾಮೀಣ ಸಾಲ ಸಂಘಗಳನ್ನು ಅಧ್ಯಯನ ಮಾಡಿ, ರೈಫೈಸನ್ ಮಾದರಿಯನ್ನು ಶಿಫಾರಸು ಮಾಡಿದರು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ವೇಯರ್‌ಬುಶ್‌ನ ಒಲೆಮನೆಯಿಂದ ಕಣಗಿನಹಾಳಕ್ಕೆ ಬರಲು ಸುಮಾರು ಅರವತ್ತು ವರ್ಷ ಹಿಡಿಯಿತು.

ಬಡ್ಡಿಯ ಪಾಠವನ್ನು ಮುಗಿಸುವ ಮೊದಲು ಮಕ್ಕಳಿಗೆ ಒಂದು ಲೆಕ್ಕ ಕೊಡಬಹುದು. ಇದು ತರಗತಿಗಾಗಿ ಮಾಡಿಕೊಂಡ ಉದಾಹರಣೆ: ರೂ. 10,000 ಸಾಲಕ್ಕೆ ತಿಂಗಳಿಗೆ ನೂರಕ್ಕೆ 5 ರೂಪಾಯಿ ಸರಳ ಬಡ್ಡಿ ಒಂದು ಕಡೆ, ವರ್ಷಕ್ಕೆ ನೂರಕ್ಕೆ 9 ರೂಪಾಯಿ ಇನ್ನೊಂದು ಕಡೆ. ಒಂದು ವರ್ಷಕ್ಕೆ ಮೊದಲನೆಯದು ರೂ. 6,000, ಎರಡನೆಯದು ರೂ. 900. ಉಳಿದ ರೂ. 5,100 ಒಂದು ಕುಟುಂಬಕ್ಕೆ ಏನೇನಾಗಬಲ್ಲದು ಎಂದು ಕೇಳಿದರೆ ಮಕ್ಕಳು ತಾವೇ ಪಟ್ಟಿ ಮಾಡುತ್ತಾರೆ. ಆಮೇಲೆ ಎರಡನೆಯ ಪ್ರಶ್ನೆ: ಆ ಕುಟುಂಬ ಸಾಲ ತೀರಿಸದಿದ್ದರೆ ಹೊಣೆ ಹೊರಲು ನೀವು ಸಿದ್ಧರೇ? ರೈಫೈಸನ್ ತಮ್ಮ ಹಳ್ಳಿಗಳ ಜನರನ್ನು ಕೇಳಿದ್ದೂ ಇದನ್ನೇ. ಮೊದಲ ಪ್ರಶ್ನೆಗೆ ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ತರಗತಿಯಲ್ಲೇ ಚರ್ಚೆ ನಡೆಯಬೇಕು.