ದೀನಬಂಧು ಸಂತ ವಿನ್ಸೆಂಟ್ ದಿ ಪೌಲ್

ಸಂತ ವಿನ್ಸೆಂಟ್ ದಿ ಪೌಲರು ಬಡವರಿಗೆ ಉಣಬಡಿಸಿದ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಆದರೆ ತಾವು ಕಟ್ಟಿದ ಸಂಸ್ಥೆಗಳನ್ನು ಅನ್ಯ ಸಂಸ್ಥೆಗಳೊಡನೆ ತೂಗಿನೋಡುವ ಚಪಲದಿಂದ ಅವರು ದೂರವಿರಿಸಿದ ಬಗೆಯನ್ನು ಸ್ಮರಿಸುವವರು ವಿರಳ.

ಫ್ರಾನ್ಸ್ ದೇಶದ ಪೂಯಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1581ರಲ್ಲಿ ಜನಿಸಿದ ವಿನ್ಸೆಂಟರು 1600ರಲ್ಲಿ ಗುರುದೀಕ್ಷೆ ಪಡೆದರು. 1617ರಲ್ಲಿ ಅವರು ಶಾತಿಯೋನ್ ಧರ್ಮಕೇಂದ್ರದ ಗುರುಗಳಾಗಿದ್ದರು. ಒಂದು ಭಾನುವಾರ ಪೂಜೆಗೆ ಅಣಿಯಾಗುತ್ತಿದ್ದಾಗ, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆಯಿಂದ ಮಲಗಿರುವ ಸುದ್ದಿ ಬಂದಿತು. ಪ್ರಬೋಧನೆಯಲ್ಲಿ ಅದನ್ನು ತಿಳಿಸಲು, ಊರಿಗೆ ಊರೇ ಆಹಾರ ಹೊತ್ತು ಅತ್ತ ನಡೆಯಿತು. ಇಂದು ರಾಶಿಬಿದ್ದ ಅನ್ನ ನಾಳೆ ಹಳಸುವುದು, ನಾಳಿದ್ದು ಮತ್ತೆ ಹಸಿವೆಯೇ ಎಂಬುದನ್ನು ಅವರು ಮನಗಂಡರು. ಆ ವರ್ಷವೇ ಊರ ಸ್ತ್ರೀಯರನ್ನು ಕೂಡಿಸಿ ಸೇವಾಸಂಘ ಕಟ್ಟಿದರು; ಸರದಿ, ಲೆಕ್ಕಪತ್ರ, ನಿಯಮಗಳನ್ನು ಗೊತ್ತುಪಡಿಸಿದರು.

1625ರಲ್ಲಿ ಹಳ್ಳಿಗರಿಗೆ ಶುಭಸಂದೇಶ ಸಾರುವ ಗುರುಗಳ ಸಭೆಯೂ, 1633ರಲ್ಲಿ ಸಂತ ಲೂಯಿಸ್ ದ ಮರಿಯಾಕರ ಸಹಕಾರದಿಂದ ಬಡರೋಗಿಗಳ ಶುಶ್ರೂಷೆಗಾಗಿ ಸೋದರಿಯರ ಸಂಘವೂ ಉದಯಿಸಿದವು. ಅಂದಿನ ಪ್ಯಾರಿಸಿನಲ್ಲಿ ವಿದ್ವತ್ತಿಗೂ ವಾಗ್ಮಿತೆಗೂ ಹೆಸರಾದ ಸಭೆಗಳು ಹಲವಿದ್ದವು. ವಿನ್ಸೆಂಟರಾದರೋ ತಮ್ಮದನ್ನು ಚಿಕ್ಕ ಮಂಡಳಿಯೆಂದೇ ಕರೆಯುತ್ತಿದ್ದರು. ಸದಸ್ಯನು ತಾನು ಕನಿಷ್ಠನೆಂದು ತಲೆಬಾಗಿ, ತನ್ನ ಸಂಸ್ಥೆ ಮಾತ್ರ ಎಲ್ಲಕ್ಕಿಂತ ಮಿಗಿಲೆಂದು ಮೆರೆಸಿದರೆ ಆ ದೈನ್ಯಕ್ಕೆ ಅರ್ಥವಿಲ್ಲವೆಂಬುದು ಅವರ ದೃಢ ನಂಬುಗೆ.

1658ರಲ್ಲಿ ಸಭೆಗೆ ನೀಡಿದ ನಿಯಮಾವಳಿಯಲ್ಲಿ ಅವರು ತಾಯಿಯ ಹೋಲಿಕೆಯನ್ನು ಬಳಸಿದ್ದಾರೆ. ಬಡವಳೂ ರೂಪಹೀನಳೂ ಆದ ತಾಯಿಯನ್ನು ಮಗು ಸಿರಿವಂತ ಸುಂದರಿಯರಿಗಿಂತ ಹೆಚ್ಚಾಗಿ ಪ್ರೀತಿಸುವುದು. ಅವಳು ಶ್ರೇಷ್ಠಳೆಂದಲ್ಲ, ತನ್ನ ತಾಯಿಯೆಂದು. ನಮ್ಮ ಸಂಸ್ಥೆಯ ಮೇಲಿನ ಅಭಿಮಾನವೂ ಅಂತೆಯೇ ಇರಬೇಕು. ಇತರರು ಕೀರ್ತಿ ಪಡೆದಾಗ ಕರುಬದೆ, ಕ್ರಿಸ್ತರು ಸಾರಲ್ಪಟ್ಟರೆಂದು ಸಂತೋಷಿಸಬೇಕು.

1660ರ ಸೆಪ್ಟೆಂಬರ್ 27ರಂದು ಅವರು ಪ್ರಭುವಿನಲ್ಲಿ ನಿದ್ರೆಹೋದರು. 1737ರಲ್ಲಿ ಸಂತಪದವಿಗೇರಿದ ಅವರನ್ನು 1885ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ದಾನಧರ್ಮ ಸಂಸ್ಥೆಗಳ ಪಾಲಕರೆಂದು ಘೋಷಿಸಿದರು. 1833ರಲ್ಲಿ ಪ್ಯಾರಿಸಿನ ಫ್ರೆದೆರಿಕ್ ಓಜಾನಾಮರೂ ಸಂಗಡಿಗರೂ ಆರಂಭಿಸಿದ ಸೇವಾಸಭೆ ಇವರ ಹೆಸರನ್ನೇ ಧರಿಸಿದೆ. ಅದರ ಶಾಖೆಗಳು ಕರ್ನಾಟಕದ ಧರ್ಮಕೇಂದ್ರಗಳಲ್ಲಿಯೂ ಇವೆ.

ಶತಮಾನೋತ್ಸವದ ಸಂಭ್ರಮದಲ್ಲಿ ನೆರೆಯ ಧರ್ಮಕೇಂದ್ರದ ಚಂದಾ ಎಷ್ಟು, ಅವರು ಹಂಚಿದ ಅಕ್ಕಿ ಎಷ್ಟು ಎಂದು ಎಣಿಸುವ ಆಸೆ ನಮ್ಮಲ್ಲಿಯೂ ಮೂಡಬಹುದು. ಅವರ ಅಳತೆಯಿಂದ ನಮ್ಮೂರ ರೋಗಿಯ ಹಸಿವು ಇಂಗದು. ಇಂದಿನ ಸರದಿ ಯಾರದು, ಊಟ ಹೊತ್ತಿಗೆ ಮುಟ್ಟಿತೇ, ಲೆಕ್ಕ ನೇರವಾಗಿದೆಯೇ ಎಂದು ವಿಚಾರಿಸುವ ಬುದ್ಧಿಯನ್ನು ಈ ಸಂತರು ನಮಗೆ ಬೇಡಿಕೊಡಲಿ.